ಎಲುಬಿನ ಜಗಳ

ನಮ್ಮ ಮಾಗಡಿ ಸೀಮೆಗೆ ಮಳೆಯ ಬರ ಬಂದದ್ದುಂಟು, ಕಲ್ಲಿನ ಬರ ಮಾತ್ರ ಎಂದೂ ಬಂದದ್ದಿಲ್ಲ. ಬೆಂಗಳೂರಿನ ಕಡೆಯಿಂದ ಬಸ್ಸಿನಲ್ಲಿ ಬನ್ನಿ, ರಾಮನಗರದ ಕಡೆಯಿಂದ ಬನ್ನಿ, ಮೊದಲು ಎದುರುಗೊಳ್ಳುವುದು ಬಂಡೆಗಳೇ. ಸಾವನದುರ್ಗವಂತೂ ಬೆಟ್ಟವಲ್ಲ, ನೆಲದಿಂದ ಎದ್ದು ನಿಂತ ಒಂದೇ ಒಂದು ಹೆಬ್ಬಂಡೆ. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಹಿತ್ತಲಿನ ಬಂಡೆಯ ಮೇಲೆ ಹಪ್ಪಳ ಒಣಗಿಸುವುದನ್ನು ನನ್ನ ಅತ್ತೆಯವರಿಂದ ಕಲಿತೆ. ಆ ಬಂಡೆ ಎಷ್ಟು ಹಳೆಯದು ಎಂದು ಕೇಳಬೇಕೆಂದು ಆಗ ನನಗೂ ತೋಚಿರಲಿಲ್ಲ, ಅವರಿಗೂ ತೋಚಿರಲಿಲ್ಲ.

ಅದನ್ನು ಕೇಳಿದ್ದು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಟೀವಿಯಲ್ಲಿ ಡೈನೋಸಾರ್ ಸಿನಿಮಾ ನೋಡಿಕೊಂಡು ಬಂದಿದ್ದಳು. ನಾನು ಕೆಂಪೇಗೌಡರ ಪಾಠ ಮಾಡುತ್ತಿದ್ದೆ. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಹಿಡಿದುಕೊಂಡ ಮೇಲೆ ಗೌಡರ ಮನೆತನ ಮಾಗಡಿಗೆ ಬಂದು ನೆಲೆಸಿತು ಎಂದು ಹೇಳುತ್ತಿರುವಾಗಲೇ ಕೈ ಎತ್ತಿದಳು. "ಮಿಸ್, ಅದಕ್ಕೂ ಮುಂಚೆ? ನಮ್ಮ ಸಾವನದುರ್ಗ ಅಗೆದರೆ ಡೈನೋಸಾರ್ ಮೂಳೆ ಸಿಗುತ್ತಾ?" ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, "ನಾಳೆ ಹೇಳುತ್ತೇನೆ" ಎಂದು ಜಾರಿಕೊಂಡೆ. ಬಿ.ಎ., ಬಿ.ಎಡ್. ಓದಿದ ನಮ್ಮಂಥವರಿಗೆ "ನಾಳೆ ಹೇಳುತ್ತೇನೆ" ಎನ್ನುವುದು ದೊಡ್ಡ ಆಸರೆ.

ಮನೆಗೆ ಬಂದು ಪುಸ್ತಕ ತೆಗೆದೆ. ಒಂದು ಪ್ರಶ್ನೆಗೆ ಉತ್ತರ ಹುಡುಕಹೋಗಿ ಅಮೆರಿಕದ ಇಬ್ಬರು ಮಹಾನುಭಾವರ ಜಗಳದೊಳಗೆ ಸಿಕ್ಕಿಕೊಂಡೆ. ಆ ಜಗಳದ ದಾರಿ ನನ್ನದೇ ಹಳೆಯ ಒಂದು ಜಗಳಕ್ಕೆ ಬಂದು ಮುಟ್ಟಿತು. ಇದನ್ನು ಬರೆಯುತ್ತಿರುವುದು ಅದಕ್ಕೇ.

ಮೊದಲು ಹುಡುಗಿಯ ಪ್ರಶ್ನೆ. ಸಿಗುವುದಿಲ್ಲ. ನಮ್ಮ ಬಂಡೆಗಳು ಡೈನೋಸಾರುಗಳಿಗಿಂತ ತುಂಬಾ ಹಿರಿಯವು. ಕನಕಪುರದ ಕಡೆಯಿಂದ ರಾಮನಗರ, ಮಾಗಡಿ, ತುಮಕೂರು ಸೀಮೆಗಳನ್ನು ಹಾದು ಬಳ್ಳಾರಿಯ ಕಡೆಗೆ ಸುಮಾರು ನಾನೂರು ಕಿಲೋಮೀಟರು ಉದ್ದಕ್ಕೆ ಒಂದು ಗ್ರಾನೈಟ್ ಪಟ್ಟಿ ಹಬ್ಬಿದೆ. ಭೂವಿಜ್ಞಾನಿಗಳು ಪ್ರಪಂಚದಾದ್ಯಂತ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂದರೆ ನಮ್ಮ ರಾಮನಗರವೇ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಸಾಹೇಬನ ಹೆಸರು ಆ ಊರಿಗೆ ಅಂಟಿತ್ತು. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಹಾಗೆಯೇ ಉಳಿಯಿತು. ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ.

ಇಂಥ ಸಂಖ್ಯೆ ಮಕ್ಕಳ ತಲೆಗೆ ಹತ್ತುವುದಿಲ್ಲ, ನನ್ನ ತಲೆಗೂ ಹತ್ತುವುದಿಲ್ಲ. ಅದಕ್ಕೆ ಒಂದು ಲೆಕ್ಕ ಮಾಡಿಕೊಂಡೆ. ಸಾವನದುರ್ಗವನ್ನು ನೂರು ವರ್ಷ ತುಂಬಿದ ಅಜ್ಜಿ ಎಂದಿಟ್ಟುಕೊಳ್ಳಿ. ಡೈನೋಸಾರುಗಳು ಭೂಮಿಗೆ ಬಂದದ್ದು ಅಜ್ಜಿಗೆ ತೊಂಬತ್ತೊಂದು ಆದಾಗ, ಹೋದದ್ದು ತೊಂಬತ್ತೇಳು ದಾಟಿದಾಗ. ನಮ್ಮಂಥ ಮನುಷ್ಯರು ಬಂದು ನಾಲ್ಕೈದು ದಿನವಾಗಿದೆ ಅಷ್ಟೆ. ಹುಟ್ಟುವ ಮುಂಚಿನದನ್ನು ಅಜ್ಜಿಯ ಹೊಟ್ಟೆಯಲ್ಲಿ ಹುಡುಕಬಹುದೇ ಹೊರತು, ಅವಳ ಮುಪ್ಪಿನಲ್ಲಿ ಬಂದವರನ್ನು ಹುಡುಕಲಾದೀತೆ?

ಇನ್ನೊಂದು ಕಾರಣವೂ ಇದೆ. ಗ್ರಾನೈಟ್ ಎಂದರೆ ನೆಲದಾಳದಲ್ಲಿ ಕುದಿದು ನಿಧಾನವಾಗಿ ಆರಿದ ಪಾಕ. ಕುದಿಯುವ ಬೆಲ್ಲದ ಪಾಕಕ್ಕೆ ಎಲೆ ಹಾಕಿದರೆ ಎಲೆಯ ಗುರುತು ಉಳಿಯುವುದಿಲ್ಲ. ಒಣಗುತ್ತಿರುವ ಹಪ್ಪಳದ ಮೇಲೆ ಕಾಗೆ ಕಾಲಿಟ್ಟರೆ ಗುರುತು ಉಳಿಯುತ್ತದೆ. ಪಳೆಯುಳಿಕೆ ಬೇಕೆಂದರೆ ಹಪ್ಪಳದಂಥ ನೆಲ ಬೇಕು. ನದಿ, ಕೆರೆ, ಕಡಲು ಹೊತ್ತು ತಂದ ಮಣ್ಣು ಪದರ ಪದರವಾಗಿ ಕೂತು, ಸತ್ತ ಪ್ರಾಣಿಯನ್ನು ಬೇಗ ಮುಚ್ಚಿ, ಎಲುಬಿನ ಸಂದುಸಂದಿಗೂ ಖನಿಜದ ನೀರು ಇಳಿದು ಕಲ್ಲಾಗಬೇಕು. ಅಂಥ ನೆಲ ಅಮೆರಿಕದ ಪಶ್ಚಿಮದಲ್ಲಿ ಧಾರಾಳವಾಗಿತ್ತು. ಜಗಳ ನಡೆದದ್ದೂ ಅಲ್ಲೇ.

ಅಮೆರಿಕದ ಪಶ್ಚಿಮ ಎಂದರೆ ಏನು ಎಂದು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1973ರಲ್ಲಿ ಹಿಂದಿಯ 'ಶೋಲೆ' ಚಿತ್ರದವರು ಬಂದು ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಊರನ್ನೇ ಕಟ್ಟಿದರು. ಕುದುರೆ, ಬಂದೂಕು, ರೈಲು, ಬೋಳು ಬಂಡೆ, ಧೂಳು. ಅಮೆರಿಕದ ಕೌಬಾಯ್ ಸಿನಿಮಾಗಳ ಆ ಗಡಿನಾಡನ್ನು ನಮ್ಮ ಬಂಡೆಗಳ ನಡುವೆ ತಂದು ನಿಲ್ಲಿಸಿದ್ದರು. ಅದೇ ನೋಟವನ್ನು ಮನಸ್ಸಿನಲ್ಲಿಟ್ಟುಕೊಂಡು, ಗಬ್ಬರ್‌ಸಿಂಗನ ಬದಲು ಕೈಯಲ್ಲಿ ಸುತ್ತಿಗೆ ಹಿಡಿದ ಇಬ್ಬರು ಪಂಡಿತರನ್ನು ಊಹಿಸಿಕೊಳ್ಳಿ.

ಒಬ್ಬನ ಹೆಸರು ಒಥ್ನೀಲ್ ಚಾರ್ಲ್ಸ್ ಮಾರ್ಷ್, ಹುಟ್ಟಿದ್ದು 1831ರಲ್ಲಿ. ಇನ್ನೊಬ್ಬ ಎಡ್ವರ್ಡ್ ಡ್ರಿಂಕರ್ ಕೋಪ್, ಹುಟ್ಟಿದ್ದು 1840ರಲ್ಲಿ. ತರಗತಿಯಲ್ಲಿ ನಾನು "ಕೋಪ್" ಎಂದ ಕೂಡಲೇ ಹಿಂದಿನ ಬೆಂಚಿನಿಂದ "ಕೋಪ್‌ಗೆ ಕೋಪ ಬಂತಾ ಮಿಸ್?" ಎಂದು ಬಂತು. ಬಂತಪ್ಪ, ಬಂದದ್ದು ಹೋಗಲೇ ಇಲ್ಲ ಎಂದೆ.

ಇಬ್ಬರಿಗೂ ಎಳೆಯದರಲ್ಲೇ, ಮೂರು ವರ್ಷದ ಆಸುಪಾಸಿನಲ್ಲಿ, ತಾಯಿ ತೀರಿಕೊಂಡಿದ್ದಳು. ಇತಿಹಾಸದ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನಾನು ಮಾತ್ರ ಆ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಮಾರ್ಷ್ ಬೇಸಾಯದ ಮನೆಯ ಹುಡುಗ. ಅವನ ಅದೃಷ್ಟಕ್ಕೆ ಸೋದರಮಾವ ಜಾರ್ಜ್ ಪೀಬಾಡಿ ಲಂಡನ್ನಿನಲ್ಲಿ ದೊಡ್ಡ ಸಾಹುಕಾರ. ಮಾವನೇ ಓದಿಸಿದ. 1866ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಒಂದೂವರೆ ಲಕ್ಷ ಡಾಲರು ಕೊಟ್ಟು ವಸ್ತುಸಂಗ್ರಹಾಲಯಕ್ಕೆ ದಾರಿ ಮಾಡಿದ. ಅದೇ ವರ್ಷ ಅಳಿಯ ಅಲ್ಲಿ ಪ್ರೊಫೆಸರ್ ಆದ. ಕೋಪ್ ಫಿಲಡೆಲ್ಫಿಯಾದ ಅನುಕೂಲಸ್ಥ ಕ್ವೇಕರ್ ಮನೆತನದವನು. ಮಗ ಜಮೀನು ನೋಡಿಕೊಳ್ಳಲಿ ಎಂದು ಅಪ್ಪ ಹೊಲ ಕೊಟ್ಟರೆ, ಮಗ ಅದನ್ನು ಗುತ್ತಿಗೆಗೆ ಕೊಟ್ಟು ಹಾವು ಹಲ್ಲಿಗಳ ಹಿಂದೆ ಹೋದ.

ಇಬ್ಬರೂ ಮೊದಲು ಭೇಟಿಯಾದದ್ದು 1863ರಲ್ಲಿ, ಬರ್ಲಿನ್ನಿನಲ್ಲಿ. ಆಗ ಸ್ನೇಹಿತರು. ಊರು ಸುತ್ತಿದರು, ಕಾಗದ ಬರೆದುಕೊಂಡರು. ತಾವು ಕಂಡುಹಿಡಿದ ಹಳೆಯ ಜೀವಿಗಳಿಗೆ ಒಬ್ಬರ ಹೆಸರನ್ನು ಇನ್ನೊಬ್ಬರು ಇಟ್ಟರು. ನಮ್ಮಲ್ಲಿ ಗೆಳತಿಯ ಮಗುವಿಗೆ ತನ್ನ ಹೆಸರನ್ನೇ ಇಡಲಿ ಎಂದು ಆಸೆಪಡುವುದಿಲ್ಲವೇ, ಹಾಗೆ.

ಕೆಟ್ಟದ್ದು ಹೇಗೆ? ಸಣ್ಣದರಿಂದಲೇ. ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್ ಎಂಬಲ್ಲಿ ಗೊಬ್ಬರದ ಮಣ್ಣು ತೆಗೆಯುವ ಗುಂಡಿಗಳಿದ್ದವು. ಅಲ್ಲಿ ಎಲುಬು ಸಿಗುತ್ತಿತ್ತು. 1868ರಲ್ಲಿ ಕೋಪ್ ಗೆಳೆಯನನ್ನು ಕರೆದುಕೊಂಡು ಹೋಗಿ ಅಕ್ಕರೆಯಿಂದ ಎಲ್ಲ ತೋರಿಸಿದ. ಮಾರ್ಷ್ ಹಿಂದಿನಿಂದ ಗುಂಡಿಯವರಿಗೆ ದುಡ್ಡು ಕೊಟ್ಟು, ಇನ್ನು ಮುಂದೆ ಸಿಕ್ಕಿದ್ದೆಲ್ಲ ತನಗೇ ಬರಲಿ ಎಂದು ಗೊತ್ತುಮಾಡಿಕೊಂಡ. ಊಟಕ್ಕೆ ಕರೆದವರ ಮನೆಯ ಅಡಿಗೆಯವಳನ್ನೇ ಹೆಚ್ಚು ಸಂಬಳಕ್ಕೆ ಕರೆದುಕೊಂಡು ಹೋದಂತೆ!

ಆಮೇಲೆ ತಲೆಯ ಪ್ರಸಂಗ. ಕ್ಯಾನ್ಸಸ್ಸಿನಿಂದ ಬಂದ ಒಂದು ದೊಡ್ಡ ಕಡಲ ಸರೀಸೃಪದ ಎಲುಬುಗಳನ್ನು ಕೋಪ್ ಜೋಡಿಸಿದ. ಅದರ ಹೆಸರು ಎಲಾಸ್ಮೊಸಾರಸ್. ಕತ್ತು ಬಹಳ ಉದ್ದ. ಆ ಕತ್ತನ್ನೇ ಬಾಲ ಎಂದು ತಿಳಿದು ತಲೆಯನ್ನು ಬಾಲದ ತುದಿಗೆ ಕೂರಿಸಿಬಿಟ್ಟ. ತಪ್ಪು ಬಯಲಾದಾಗ, ಅಚ್ಚಾಗಿದ್ದ ಪ್ರತಿಗಳನ್ನೆಲ್ಲ ಹಿಂದಕ್ಕೆ ಕೊಂಡುಕೊಳ್ಳಲು ಓಡಾಡಿದ. ಮಾರ್ಷ್ ತನ್ನ ಪ್ರತಿಯನ್ನು ಬಿಡಲಿಲ್ಲ, ಬಹಳ ವರ್ಷ ಆ ಕಥೆ ಹೇಳಿಕೊಂಡು ನಕ್ಕ. ಆದರೆ ಕಾಲ ಯಾರನ್ನೂ ಬಿಡುವುದಿಲ್ಲ ನೋಡಿ. ಮಾರ್ಷ್ 1879ರಲ್ಲಿ ಬ್ರಾಂಟೊಸಾರಸ್ ಎಂದು ಹೆಸರಿಟ್ಟ ಪ್ರಾಣಿಗೆ ತಲೆ ಸಿಕ್ಕಿರಲಿಲ್ಲ. ಚಿತ್ರ ಬರೆಸುವಾಗ ಬೇರೆ ಪ್ರಾಣಿಯ ತಲೆಯ ಆಧಾರದ ಮೇಲೆ ಒಂದು ತಲೆ ಕೂರಿಸಿದ. ಆ ತಪ್ಪು ಖಚಿತವಾಗಿ ಸರಿಹೋದದ್ದು 1970ರ ದಶಕದಲ್ಲಿ.

1877 ಬಂತು. ನನಗೆ ಈ ಕಥೆಯಲ್ಲಿ ತುಂಬ ಹಿಡಿಸಿದ ಮನುಷ್ಯ ಬರುವುದು ಇಲ್ಲಿ. ಅವನು ಪ್ರೊಫೆಸರನೂ ಅಲ್ಲ, ಸಾಹುಕಾರನೂ ಅಲ್ಲ, ನಮ್ಮಂತೆ ಮೇಷ್ಟ್ರು. ಹೆಸರು ಆರ್ಥರ್ ಲೇಕ್ಸ್. ಕೊಲರಾಡೊದ ಮಾರಿಸನ್ ಎಂಬ ಊರಿನ ಬಳಿ ಬೆಟ್ಟ ಸುತ್ತುವಾಗ ಕಲ್ಲಿನಲ್ಲಿ ಹೂತ ದೊಡ್ಡ ದೊಡ್ಡ ಬೆನ್ನೆಲುಬು ಕಂಡ. ಮಾರ್ಷ್‌ಗೆ ಬರೆದ. ಉತ್ತರ ತಡವಾಯಿತು. ಪೆಟ್ಟಿಗೆಗಟ್ಟಲೆ ಎಲುಬು ಕಳಿಸಿದ. ಆದರೂ ದೊಡ್ಡವರ ಕಡೆಯಿಂದ ಸುದ್ದಿಯಿಲ್ಲದಿದ್ದಾಗ ಒಂದಿಷ್ಟನ್ನು ಕೋಪ್‌ಗೂ ಕಳಿಸಿದ. ಅದು ತಿಳಿದದ್ದೇ ತಡ, ಮಾರ್ಷ್ ನೂರು ಡಾಲರು ಕಳಿಸಿ ಬಾಯಿ ಮುಚ್ಚಿಕೊಂಡಿರಲು ಹೇಳಿದ. ಕೊನೆಗೆ ಕೋಪ್ ತನ್ನ ಕೈಗೆ ಬಂದಿದ್ದ ಎಲುಬುಗಳನ್ನು ಎದುರಾಳಿಗೆ ಕಳಿಸಬೇಕಾಯಿತು. ಎಲ್ಲಾ ಇಲಾಖೆಗಳಲ್ಲೂ ಹೀಗೆಯೇ. ಮೇಷ್ಟ್ರು ಅರ್ಜಿ ಬರೆದಾಗ ಉತ್ತರ ಬರುವುದಿಲ್ಲ, ಬೇರೆ ಕಡೆ ಬರೆದ ಎಂದು ಗೊತ್ತಾದ ದಿನವೇ ತಾರು ಬರುತ್ತದೆ.

ಅದೇ ವರ್ಷ ವಯೋಮಿಂಗಿನ ಕೋಮೋ ಬ್ಲಫ್ ಎಂಬ ದಿಬ್ಬದಿಂದ ಮಾರ್ಷ್‌ಗೆ ಇನ್ನೊಂದು ಕಾಗದ ಬಂತು. ಬರೆದವರು ಕಾರ್ಲಿನ್ ಮತ್ತು ರೀಡ್ ಎಂಬ ಇಬ್ಬರು ರೈಲ್ವೆ ನೌಕರರು. ಗುಟ್ಟು ರಟ್ಟಾದೀತೆಂದು ಹಾರ್ಲೊ, ಎಡ್ವರ್ಡ್ಸ್ ಎಂದು ಸುಳ್ಳು ಹೆಸರು ಹಾಕಿದ್ದರು. ಮಾರ್ಷ್ ಆ ಹೆಸರಿಗೇ ಚೆಕ್ಕು ಕಳಿಸಿದ. ಪಾಪ, ಅದು ನಗದಾಗಲಿಲ್ಲ! ಮುಂದೆ ಆ ದಿಬ್ಬದಿಂದ ರೈಲು ಡಬ್ಬಿಗಳ ತುಂಬ ಎಲುಬು ಹೋಯಿತು. ಕಾರ್ಲಿನ್ ಕೋಪ್‌ನ ಕಡೆ ಸೇರಿಕೊಂಡ, ರೀಡ್ ಮಾರ್ಷ್ ಕಡೆಯೇ ಉಳಿದ. ಕಾರ್ಲಿನ್ ಸ್ಟೇಷನ್ನಿನ ಅಧಿಕಾರಿ. ಹಳೆಯ ಜೊತೆಗಾರನನ್ನು ಸ್ಟೇಷನ್ನಿನ ಒಳಗೆ ಬಿಟ್ಟುಕೊಳ್ಳದೆ ಬೀಗ ಹಾಕಿದ. ರೀಡ್ ಕೊರೆಯುವ ಚಳಿಯಲ್ಲಿ ಹೊರಗೆ ಪ್ಲಾಟ್‌ಫಾರಂ ಮೇಲೆ ಕೂತು ಎಲುಬುಗಳನ್ನು ಪೆಟ್ಟಿಗೆಗೆ ತುಂಬಿದ. ಯಜಮಾನರಿಬ್ಬರು ಪೂರ್ವದ ಊರುಗಳಲ್ಲಿ ಬೆಚ್ಚಗಿದ್ದರು, ಅವರ ಜಗಳದ ಚಳಿ ಕೂಲಿಯವರಿಗೆ.

ಇನ್ನೂ ಕೆಟ್ಟದ್ದು ಕೇಳಿ. ತಮಗೆ ಬೇಕಾದದ್ದು ತೆಗೆದುಕೊಂಡ ಮೇಲೆ ಎದುರಾಳಿಗೆ ಸಿಗಬಾರದೆಂದು ಗುಂಡಿಗಳನ್ನು ಮುಚ್ಚಿದರು, ಉಳಿದ ಎಲುಬುಗಳನ್ನು ಒಡೆದರು. ಹದಿನೈದು ಕೋಟಿ ವರ್ಷ ಮಣ್ಣು ಜೋಪಾನ ಮಾಡಿದ್ದನ್ನು ಒಂದು ಮಧ್ಯಾಹ್ನದ ಹೊಟ್ಟೆಕಿಚ್ಚು ಪುಡಿ ಮಾಡಿತು. ಇದನ್ನು ಓದಿ ಪುಸ್ತಕ ಮುಚ್ಚಿ ಅಡಿಗೆಮನೆಗೆ ಹೋದೆ. ಕೆಲಸವೇನೂ ಇರಲಿಲ್ಲ, ಸುಮ್ಮನೆ ಹೋದೆ.

ಜಗಳ ಎಲ್ಲಿಗೆ ಮುಟ್ಟಿತು ಎಂದು ಹೇಳಿ ಮುಗಿಸುತ್ತೇನೆ. 1882ರಲ್ಲಿ ಮಾರ್ಷ್‌ಗೆ ಸರ್ಕಾರಿ ಭೂಸರ್ವೇಕ್ಷಣೆಯಲ್ಲಿ ಸ್ಥಾನ ಸಿಕ್ಕಿತು. ಕೋಪ್ ಬೆಳ್ಳಿ ಗಣಿಗಳಿಗೆ ಹಣ ಹಾಕಿ ಕಳೆದುಕೊಂಡ. ಮೇಲಿಂದ ಅವನ ಎಲುಬುಗಳು ಸರ್ಕಾರಕ್ಕೆ ಸೇರಬೇಕೆಂದು ಒತ್ತಾಯ ಬಂತು. ಮೇಜಿನ ಕೆಳಗಿನ ಖಾನೆಯಲ್ಲಿ ಅವನು ವರ್ಷಗಟ್ಟಲೆ ಮಾರ್ಷ್‌ನ ತಪ್ಪುಗಳ ಪಟ್ಟಿ ಬರೆದಿಟ್ಟುಕೊಂಡಿದ್ದ. 1890ರ ಜನವರಿ 12ರಂದು ಅದೆಲ್ಲ 'ನ್ಯೂಯಾರ್ಕ್ ಹೆರಾಲ್ಡ್' ಪತ್ರಿಕೆಯಲ್ಲಿ ಬಂತು. ಮಾರ್ಷ್‌ನೂ ಅಷ್ಟೇ ಕಟುವಾಗಿ ಉತ್ತರ ಕೊಟ್ಟ. ಬೀದಿಯ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ಬೈದಾಡುವ ನಮ್ಮನ್ನು ಮಾತ್ರ ಜನ ಆಡಿಕೊಳ್ಳುತ್ತಾರೆ! 1892ರಲ್ಲಿ ಸಂಸತ್ತು ಹಣ ಕಡಿತ ಮಾಡಿದಾಗ ಮಾರ್ಷ್‌ನ ಸರ್ಕಾರಿ ಕೆಲಸವೂ ಹೋಯಿತು. 1895ರಲ್ಲಿ ಕೋಪ್ ತನ್ನ ಸಂಗ್ರಹದ ಒಂದು ಭಾಗವನ್ನು 32,000 ಡಾಲರಿಗೆ ನ್ಯೂಯಾರ್ಕಿನ ಸಂಗ್ರಹಾಲಯಕ್ಕೆ ಮಾರಿದ. 1897ರಲ್ಲಿ ಎಲುಬುಗಳ ನಡುವೆಯೇ ಹಾಸಿಗೆ ಹಾಕಿಕೊಂಡು ಸತ್ತ. ಸತ್ತ ಮೇಲೂ ತನ್ನ ತಲೆಬುರುಡೆಯನ್ನು ವಿಜ್ಞಾನಕ್ಕೆ ಬಿಟ್ಟುಹೋದ. ಮದುವೆಯಾಗದೆ ಒಂಟಿಯಾಗಿದ್ದ ಮಾರ್ಷ್ ಎರಡು ವರ್ಷಕ್ಕೆ ಹಿಂಬಾಲಿಸಿದ.

ಒಳ್ಳೆಯದೇನೂ ಆಗಲಿಲ್ಲವೇ ಎಂದರೆ, ಆಯಿತು. ಮಕ್ಕಳ ಪುಸ್ತಕದಲ್ಲಿರುವ ಸ್ಟೆಗೊಸಾರಸ್, ಟ್ರೈಸೆರಟಾಪ್ಸ್, ಅಲೊಸಾರಸ್ ಇವುಗಳಿಗೆಲ್ಲ ಹೆಸರಿಟ್ಟವನು ಮಾರ್ಷ್. ಕ್ಯಾಮರಾಸಾರಸ್, ಸೀಲೊಫೈಸಿಸ್ ಕೋಪ್‌ನವು. ಇಬ್ಬರೂ ಸೇರಿ ನೂರ ಮೂವತ್ತಕ್ಕೂ ಮೇಲೆ ಡೈನೋಸಾರ್ ಹೆಸರು ಕೊಟ್ಟರು. ಆತುರದಲ್ಲಿ ಒಂದೇ ಪ್ರಾಣಿಗೆ ಎರಡು ಮೂರು ಹೆಸರು ಬಿದ್ದದ್ದರಿಂದ ಅವುಗಳಲ್ಲಿ ಬಹಳಷ್ಟು ಬಿದ್ದುಹೋದವು.

ಎಲುಬು ಸಿಕ್ಕ ನೆಲ ಯಾರದ್ದೆಂಬುದನ್ನೂ ಮರೆಯುವಂತಿಲ್ಲ. ಅದರಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿಗಳು ಬಾಳಿದ್ದ ನೆಲ. 1874ರಲ್ಲಿ ಮಾರ್ಷ್ ಎಲುಬು ಹುಡುಕಿಕೊಂಡು ಲಕೋಟಾ ಜನರ ನಾಯಕ ರೆಡ್ ಕ್ಲೌಡ್‌ನ ಬಳಿ ಹೋದ. ಸರ್ಕಾರ ತಮಗೆ ಕೊಡುವ ಪಡಿತರ ಎಂಥ ಹಾಳು ಹಿಟ್ಟು, ಎಂಥ ಕೊಳೆತ ಮಾಂಸ ಎಂದು ರೆಡ್ ಕ್ಲೌಡ್ ತೋರಿಸಿದ. ಮಾರ್ಷ್ ಕೊಟ್ಟ ಮಾತಿನಂತೆ ಮರುವರ್ಷ ವಾಷಿಂಗ್ಟನ್ನಿಗೆ ಹೋಗಿ ಗಲಾಟೆ ಮಾಡಿದ, ವಿಚಾರಣೆ ನಡೆಯಿತು. ಗೆಳೆಯನ ಬೆನ್ನಿಗೆ ಚೂರಿ ಹಾಕಿದ ಮನುಷ್ಯನೇ ಅಪರಿಚಿತರ ಪಡಿತರಕ್ಕಾಗಿ ಹೋರಾಡಿದ. ಮನುಷ್ಯರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ.

ಇದನ್ನೆಲ್ಲ ಹೇಳಿ ಮುಗಿಸುವಾಗ ಅದೇ ಹುಡುಗಿ, "ನಮ್ಮ ದೇಶದಲ್ಲಿ ಯಾರೂ ಹುಡುಕಲಿಲ್ಲವಾ ಮಿಸ್?" ಎಂದಳು. ಹುಡುಕಿದ್ದಾರೆ. ಜಬಲ್‌ಪುರದಲ್ಲಿ 1828ರಲ್ಲೇ ಸ್ಲೀಮನ್ ಎಂಬ ಅಧಿಕಾರಿಗೆ ಡೈನೋಸಾರ್ ಎಲುಬು ಸಿಕ್ಕಿತ್ತು. ಆ ಪ್ರಾಣಿಗೆ ಟೈಟಾನೊಸಾರಸ್ ಎಂದು ಹೆಸರಾದದ್ದು ಅಮೆರಿಕದಲ್ಲಿ ಎಲುಬಿನ ನೂಕುನುಗ್ಗಲು ನಡೆದ ಅದೇ 1877ರಲ್ಲಿ. ನಮ್ಮ ಕರ್ನಾಟಕದಲ್ಲಿ ಡೈನೋಸಾರ್ ಅಲ್ಲದಿದ್ದರೂ ಒಂದು ಘೇಂಡಾಮೃಗ ಸಿಕ್ಕಿದೆ. ಗೋಕಾಕದ ಬಳಿ, ಘಟಪ್ರಭಾ ನದಿಯ ಕಣಿವೆಯಲ್ಲಿ! ಇಂದು ಘೇಂಡಾಮೃಗ ನೋಡಬೇಕೆಂದರೆ ಅಸ್ಸಾಮಿನ ಕಡೆ ಹೋಗಬೇಕು, ಇಲ್ಲವೇ ಮೃಗಾಲಯಕ್ಕೆ. ಒಂದು ಕಾಲದಲ್ಲಿ ನಮ್ಮ ಬೆಳಗಾವಿ ಸೀಮೆಯ ಹುಲ್ಲಿನಲ್ಲಿ ಅದು ಮೇಯುತ್ತಿತ್ತು. ಅದರ ಎಲುಬುಗಳನ್ನು ಪರೀಕ್ಷಿಸಿ, 1874ರಲ್ಲಿ ದಖ್ಖನ್ನಿನ ಹೆಸರು ಸೇರಿಸಿ ಅದಕ್ಕೊಂದು ಹೆಸರು ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಹುಟ್ಟಿದ್ದು 1834ರಲ್ಲಿ, ಮಾರ್ಷ್‌ಗಿಂತ ಮೂರು ವರ್ಷ ಚಿಕ್ಕವರು. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ಒಂದು ಕಲ್ಲಿನ ಆಯುಧ ಸಿಕ್ಕಿತು. ಹಳೆ ಶಿಲಾಯುಗದ ಮನುಷ್ಯ ಈ ದೇಶದಲ್ಲಿದ್ದ ಎಂಬುದಕ್ಕೆ ಅದೇ ಮೊದಲ ಗುರುತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಂಗ್ ಎಂಬ ಜೊತೆಯ ಅಧಿಕಾರಿಯೊಂದಿಗೆ ಹೋಗಿ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನಷ್ಟು ಹುಡುಕಿದರು. ಬರ್ಲಿನ್ನಿನಲ್ಲಿ ಕೋಪ್ ಮತ್ತು ಮಾರ್ಷ್ ಕೈಕುಲುಕಿದ ವರ್ಷವೂ 1863 ಎಂಬುದನ್ನು ಗಮನಿಸಿ. ಅಲ್ಲೂ ಇಬ್ಬರು, ಇಲ್ಲೂ ಇಬ್ಬರು. ಇಲ್ಲಿ ಹೊಡೆದಾಟವಾಗಲಿಲ್ಲ. ಫೂಟ್ ಬಳ್ಳಾರಿಯ ಸುತ್ತಮುತ್ತ ನವಶಿಲಾಯುಗದ ನೆಲೆಗಳನ್ನು ಹುಡುಕಿದರು. ನಿವೃತ್ತರಾದ ಮೇಲೆ, 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಮುಖ್ಯಸ್ಥರಾಗಿ ಬಂದರು. ನಲವತ್ತು ವರ್ಷ ಕೂಡಿಟ್ಟದ್ದನ್ನು, ಯಾವುದು ಎಲ್ಲಿ ಸಿಕ್ಕಿತು ಎಂದು ಪಟ್ಟಿ ಮಾಡಿ ಬರೆದರು. 1904ರಲ್ಲಿ ಅದು ಮದ್ರಾಸಿನ ಸರ್ಕಾರಿ ಸಂಗ್ರಹಾಲಯಕ್ಕೆ ಸೇರಿತು. ಜಗಳವಿಲ್ಲದ್ದರಿಂದಲೋ ಏನೋ ಅವರ ಮೇಲೆ ಯಾರೂ ಸಿನಿಮಾ ತೆಗೆಯಲಿಲ್ಲ.

ಇಲ್ಲಿಗೆ ಪಾಠ ಮುಗಿಯಬೇಕಿತ್ತು. ಆದರೆ "ಯಾವುದು ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂದು ಬರೆದಿಡುವುದೇ ಮುಖ್ಯ" ಎಂದು ಮಕ್ಕಳಿಗೆ ಹೇಳುವಾಗ ನನ್ನ ನಾಲಿಗೆ ತಡವರಿಸಿತು. ಏಕೆಂದು ನಿಮಗೂ ಹೇಳಿಬಿಡುತ್ತೇನೆ.

1998ರ ಮಾತು. ಆಗ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ವಿಜ್ಞಾನದ ಟೀಚರೊಬ್ಬಳು ನನಗೆ ಜೀವದ ಗೆಳತಿ. ಒಂದೇ ಬಸ್ಸು, ಒಂದೇ ಡಬ್ಬಿಯ ಚಿತ್ರಾನ್ನ. ಸಾವನದುರ್ಗದ ಬಳಿ ಕಬ್ಬಿಣ ಯುಗದ ಕಲ್ಗೋರಿಗಳಿವೆ. 1881ರಲ್ಲೇ ಬ್ರಾನ್‌ಫಿಲ್ ಎಂಬ ಇಂಗ್ಲಿಷ್ ಅಧಿಕಾರಿ ಅವುಗಳ ಬಗ್ಗೆ ಬರೆದಿದ್ದ. ಅದನ್ನು ಓದಿದ ಹುಮ್ಮಸ್ಸಿನಲ್ಲಿ ನಾವಿಬ್ಬರೂ ಸೇರಿ, ಮಕ್ಕಳು ತರುವ ಹಳೆಯ ವಸ್ತುಗಳಿಗಾಗಿ ಒಂದು ಬೀರು ಮಾಡಿದೆವು. ಬೀಸುಕಲ್ಲಿನ ತುಂಡು, ತೂತಿನ ಕಾಸು, ಮಣಿ, ಹೀಗೆ. ಒಂದು ದಿನ ಗೆಳತಿ ಊಟದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ, ಬಟ್ಟೆಯಲ್ಲಿ ಸುತ್ತಿ ಒಂದು ಮಣ್ಣಿನ ಬಟ್ಟಲು ತಂದಳು. ಅವಳ ನೆಂಟರ ಹೊಲದಲ್ಲಿ ಗುಂಡಿ ತೋಡುವಾಗ ಸಿಕ್ಕಿದ್ದು. ಕೂಲಿಯವರು ಎಸೆಯಹೋದದ್ದನ್ನು ಇವಳು ಮಡಿಲಿಗೆ ಹಾಕಿಕೊಂಡು ಬಂದಿದ್ದಳು. ಅಂಗೈ ಅಗಲ. ಹೊರಗೆ ಕೆಂಪು, ಒಳಗೆ ಕಪ್ಪು. ಕಲ್ಗೋರಿಗಳ ಕಾಲದ ಮಡಕೆ ಹಾಗೆಯೇ ಇರುತ್ತದೆ. ಇಂಥದ್ದು ಸಿಕ್ಕರೆ ಪುರಾತತ್ವ ಇಲಾಖೆಗೆ ತಿಳಿಸಬೇಕೆಂಬ ಬುದ್ಧಿ ಆಗ ನಮಗಿಬ್ಬರಿಗೂ ಇರಲಿಲ್ಲ.

ನನ್ನ ಅಕ್ಷರ ದುಂಡಗೆ. ಹಾಗಾಗಿ ಚೀಟಿ ಬರೆಯುವುದು ನನ್ನ ಕೆಲಸ. ಬಟ್ಟಲಿನ ಚೀಟಿಯಲ್ಲಿ "ಸಂಗ್ರಹ: ಇತಿಹಾಸ ವಿಭಾಗ" ಎಂದು ಬರೆದೆ. ಇತಿಹಾಸ ವಿಭಾಗ ಎಂದರೆ ನಾನೊಬ್ಬಳೇ. ಪ್ರದರ್ಶನದ ದಿನ ಪತ್ರಿಕೆಯವರೊಬ್ಬರು ಬಂದರು. "ಇದು ಯಾರಿಗೆ ಸಿಕ್ಕಿದ್ದು ಮೇಡಂ?" ಎಂದರು. ಗೆಳತಿ ಅತ್ತ ಮಕ್ಕಳಿಗೆ ನೀರು ಕೊಡುತ್ತಿದ್ದಳು. ನಾನು ಚೀಟಿಯ ಕಡೆ ಕೈ ತೋರಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ನೋಡಿ. ಮರುದಿನ ಪತ್ರಿಕೆಯಲ್ಲಿ ನನ್ನ ಹೆಸರು ಬಂತು, ನನ್ನದೊಂದೇ. ನಮ್ಮ ಯಜಮಾನರು ಆ ತುಣುಕನ್ನು ಕತ್ತರಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ನಾನು ತಿದ್ದಿಸಬಹುದಿತ್ತು. ತಿದ್ದಿಸಲಿಲ್ಲ.

ಅವಳು ಜಗಳವಾಡಲಿಲ್ಲ. ಡಬ್ಬಿ ಬೇರೆ ಮಾಡಿಕೊಂಡಳು. ಬೀರುವಿನ ಬೀಗದ ಕೈ ನನ್ನ ಹತ್ತಿರವಿತ್ತು. ಒಂದು ದಿನ ನೋಡುತ್ತೇನೆ, ಅದರ ಪಕ್ಕ ಇನ್ನೊಂದು ಬೀಗ. ಅವಳದ್ದು. ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎರಡು ಬೀಗದ ಬೀರುವನ್ನು ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ತೆರೆಯಬಹುದು, ನಾವಿಬ್ಬರೂ ಒಟ್ಟಿಗೆ ಬರುವುದಿಲ್ಲ. ಎರಡು ಮಳೆಗಾಲ ಅದು ಹಾಗೆಯೇ ಮುಚ್ಚಿಕೊಂಡಿತ್ತು. ಅವಳಿಗೆ ವರ್ಗವಾಯಿತು. ಆಮೇಲೆ ಹಳೆಯ ಕಟ್ಟಡ ಖಾಲಿ ಮಾಡುವಾಗ ಬೀಗ ಒಡೆದು ಬೀರು ಸಾಗಿಸಿದರಂತೆ. ನಾನು ಹೋಗಿ ನೋಡುವ ಹೊತ್ತಿಗೆ ಸೋರಿದ ನೀರಿಗೆ ಚೀಟಿಗಳೆಲ್ಲ ಮುದ್ದೆಯಾಗಿದ್ದವು. ಬಟ್ಟಲು ಇರಲಿಲ್ಲ. ಬೀರುವಿನ ತಳದಲ್ಲಿ ಒಂದಿಷ್ಟು ಕೆಂಪು ಪುಡಿ ಇತ್ತು, ಅದು ಬಟ್ಟಲಿನದೋ ಇಟ್ಟಿಗೆಯದೋ ಹೇಳಲಾಗಲಿಲ್ಲ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಾವು ಕೊಯ್ದದ್ದು ನಮ್ಮ ಮೂಗನ್ನೂ ಅಲ್ಲ, ಎರಡು ಸಾವಿರ ವರ್ಷದ ಹಿಂದೆ ಯಾರೋ ಮಾಡಿಟ್ಟ ಬಟ್ಟಲನ್ನು. ಕೋಮೋ ಬ್ಲಫ್‌ನಲ್ಲಿ ಎಲುಬು ಒಡೆದವರನ್ನು ನಾನು ಯಾವ ಮುಖದಲ್ಲಿ ಬೈಯಲಿ?

ಆ ದಿನ ತರಗತಿಯಲ್ಲಿ ಬಟ್ಟಲಿನ ಕಥೆಯನ್ನೂ ಹೇಳಿದೆ. ಸಿಕ್ಕಿದ್ದು ಯಾರಿಗೆ ಎಂದು ಹೆಸರು ಹಿಡಿದು ಹೇಳಿ, ಕರಿಹಲಗೆಯ ಮೇಲೆ ಬರೆದೆ. ಮಕ್ಕಳು ಸುಮ್ಮನೆ ಕೂತಿದ್ದರು. ಸಂಜೆ ಅವರಿವರನ್ನು ಕೇಳಿ ಗೆಳತಿಯ ಫೋನ್ ನಂಬರು ಸಂಪಾದಿಸಿದೆ. ಮೂರು ಸಲ ಒತ್ತಿ ಮೂರು ಸಲ ನಿಲ್ಲಿಸಿದೆ. ನಾಲ್ಕನೆಯ ಸಲ ಅವಳೇ ಎತ್ತಿದಳು. ಇಪ್ಪತ್ತು ವರ್ಷದ ಮೇಲೂ ಸ್ವರ ಗೊತ್ತಾಯಿತು, ಅವಳಿಗೂ ನನ್ನದು ಗೊತ್ತಾಯಿತು. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅದರ ತಳ ನೋಡಿದ್ದೆಯಾ ನೀನು?"

ನೋಡಿರಲಿಲ್ಲ. ಚೀಟಿ ಎಲ್ಲಿ ಅಂಟಿಸುವುದು ಎಂದಷ್ಟೇ ನಾನು ನೋಡಿದ್ದು.

"ತಳದಲ್ಲಿ ಒಂದು ಬೆರಳಿನ ಗುರುತಿತ್ತು ಕಣೆ. ಹಸಿ ಇದ್ದಾಗ ಒತ್ತಿದ್ದು. ಚಿಕ್ಕ ಬೆರಳು. ನನ್ನ ಕಿರುಬೆರಳು ಇಟ್ಟು ನೋಡಿದ್ದೆ, ಸರಿಯಾಗಿ ಕೂತಿತ್ತು. ನಿನಗೆ ತೋರಿಸಬೇಕು ಅಂತಲೇ ಬಸ್ಸಿನಲ್ಲಿ ಬಿಗಿಯಾಗಿ ಹಿಡಿದುಕೊಂಡು ಬಂದಿದ್ದೆ."

ಮುಂದಿನ ಭಾನುವಾರ ಅವಳು ಮಾಗಡಿಗೆ ಬರುತ್ತಾಳೆ. ಸಾವನದುರ್ಗದ ತಪ್ಪಲಿಗೆ ಹೋಗಿ ಬರೋಣ ಎಂದಿದ್ದೇವೆ. ಇಬ್ಬರಿಗೂ ಮಂಡಿ ನೋವು, ಹತ್ತುವುದಿಲ್ಲ. ಚಿತ್ರಾನ್ನ ನಾನು ಮಾಡುತ್ತೇನೆ, ಡಬ್ಬಿ ಒಂದೇ ಸಾಕು.